ಅರಿವಳಿಕೆ ಔಷಧ ನರಕೋಶದ ಪೊರೆಯ ಕೊಬ್ಬಿನಲ್ಲಿ ಕರಗಿ ಕೆಲಸ ಮಾಡುತ್ತದೆಯೋ, ಪ್ರೋಟೀನಿಗೆ ಅಂಟಿ ಕೆಲಸ ಮಾಡುತ್ತದೆಯೋ?

ಎಂಡಿ_ಮೊದಲವರ್ಷ ಕೇಳಿದ್ದು:

ಜನರಲ್ ಅನೆಸ್ತೀಸಿಯಾದ ಔಷಧಗಳು ನರಕೋಶದ ಪೊರೆಯಲ್ಲಿ ಏನು ಮಾಡುತ್ತವೆ ಎಂಬುದರ ಮೇಲೆ ವಿಭಾಗದಲ್ಲಿ ಸೆಮಿನಾರ್ ಕೊಡಬೇಕಿದೆ. ಓದಿದಂತೆಲ್ಲ ಎರಡು ಬೇರೆ ಬೇರೆ ವಿವರಣೆ ಸಿಗುತ್ತಿವೆ. ಹಳೆಯ ಪುಸ್ತಕಗಳ ಪ್ರಕಾರ ಔಷಧ ಪೊರೆಯ ಕೊಬ್ಬಿನಲ್ಲಿ ಕರಗುತ್ತದೆ, ಪೊರೆ ಉಬ್ಬಿ ಸಡಿಲವಾಗುತ್ತದೆ, ಸೋಡಿಯಂ ಚಾನಲ್ ಅದುಮಿಹೋಗಿ ಸಂಕೇತ ನಿಲ್ಲುತ್ತದೆ. ಹೊಸ ಲೇಖನಗಳಲ್ಲಿ ಕೊಬ್ಬಿನ ಮಾತೇ ಇಲ್ಲ, ಎಲ್ಲವೂ ಗಾಬಾ-ಎ ರಿಸೆಪ್ಟರ್ (ನರಕೋಶವನ್ನು ತಡೆಯುವ ಗಾಬಾ ಎಂಬ ರಾಸಾಯನಿಕ ಕೂರುವ ಪ್ರೋಟೀನ್).

ನನಗೆ ಬಗೆಹರಿಯದ ವಿಷಯಗಳು ಇವು. ಎಣ್ಣೆಯಲ್ಲಿ ಎಷ್ಟು ಕರಗುತ್ತದೋ ಔಷಧ ಅಷ್ಟು ಪ್ರಬಲ ಎಂಬ ಮೇಯರ್–ಓವರ್ಟನ್ ಗೆರೆ ಅಷ್ಟು ನೇರವಾಗಿರುವಾಗ ಕೊಬ್ಬಿನ ವಾದ ತಪ್ಪು ಎನ್ನುವುದು ಹೇಗೆ? ಪ್ರೋಟೀನಿಗೇ ಅಂಟುವುದಾದರೆ ಈಥರ್, ಕ್ಸೆನಾನ್, ಪ್ರೊಪೊಫಾಲ್ ಹೀಗೆ ಆಕಾರದಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲದವೆಲ್ಲ ಒಂದೇ ಫಲ ಕೊಡುವುದು ಹೇಗೆ? ಅರಿವು ತಪ್ಪಿದ ಗೊದಮೊಟ್ಟೆಗಳಿಗೆ ಭಾರಿ ಒತ್ತಡ ಕೊಟ್ಟರೆ ಮತ್ತೆ ಈಜುತ್ತವಂತೆ, ಅದು ಪೊರೆ ಉಬ್ಬುತ್ತದೆ ಎನ್ನುವುದಕ್ಕೆ ಸಾಕ್ಷಿ ಅಲ್ಲವೇ? ತಿಳಿದವರು ಸ್ವಲ್ಪ ವಿವರವಾಗಿ ಬರೆಯಬೇಕು. ಅಂಕಿಗಳಿದ್ದರೆ ಇನ್ನೂ ಒಳ್ಳೆಯದು.

ಜೀವಭೌತ ಉತ್ತರಿಸಿದ್ದು:

ಮೊದಲು ಆ ಗೆರೆಯನ್ನು ಕೈಯಾರೆ ಲೆಕ್ಕ ಹಾಕಿ ನೋಡಿ. ಅದರ ಬಲ, ಅದರ ಮಿತಿ ಎರಡೂ ಅಲ್ಲೇ ಕಾಣುತ್ತವೆ.

1899ರಲ್ಲಿ ಹಾನ್ಸ್ ಹೋರ್ಸ್ಟ್ ಮೇಯರ್, 1901ರಲ್ಲಿ ಚಾರ್ಲ್ಸ್ ಅರ್ನೆಸ್ಟ್ ಓವರ್ಟನ್ ಬೇರೆ ಬೇರೆಯಾಗಿ ಗೊದಮೊಟ್ಟೆಗಳ ಮೇಲೆ ಪ್ರಯೋಗ ಮಾಡಿ ಒಂದೇ ತೀರ್ಮಾನಕ್ಕೆ ಬಂದರು: ಆಲಿವ್ ಎಣ್ಣೆ ಮತ್ತು ನೀರಿನ ನಡುವೆ ವಸ್ತು ಎಣ್ಣೆಯ ಕಡೆಗೆ ಎಷ್ಟು ಹೆಚ್ಚು ಹೋಗುತ್ತದೋ, ಅರಿವು ತಪ್ಪಿಸಲು ಅದು ಅಷ್ಟು ಕಡಿಮೆ ಸಾಕು. ಇಂದಿನ ಭಾಷೆಯಲ್ಲಿ ಹೇಳಬೇಕೆಂದರೆ ಮ್ಯಾಕ್ ಅನ್ನು (ಚರ್ಮ ಕೊಯ್ದಾಗ ಅರ್ಧದಷ್ಟು ರೋಗಿಗಳು ಅಲುಗಾಡದಿರಲು ಬೇಕಾದ ಅನಿಲದ ಸಾಂದ್ರತೆ, ಇಲ್ಲಿ ವಾತಾವರಣದ ಲೆಕ್ಕದಲ್ಲಿ) ಎಣ್ಣೆ-ಅನಿಲ ಹಂಚಿಕೆ ಗುಣಾಂಕದಿಂದ ಗುಣಿಸಿದರೆ ಹೆಚ್ಚುಕಡಿಮೆ ಒಂದೇ ಉತ್ತರ ಬರಬೇಕು. ಮೆಥಾಕ್ಸಿಫ್ಲುರೇನ್: 0.0016 × 970, ಅಂದರೆ 1.55. ಹ್ಯಾಲೋಥೇನ್: 0.0075 × 224, ಅಂದರೆ 1.68. ಐಸೋಫ್ಲುರೇನ್: 0.0115 × 91, ಅಂದರೆ 1.05. ಡೆಸ್‌ಫ್ಲುರೇನ್: 0.06 × 19, ಅಂದರೆ 1.14. ನೈಟ್ರಸ್ ಆಕ್ಸೈಡ್: 1.04 × 1.4, ಅಂದರೆ 1.46. ಮ್ಯಾಕ್ 0.16 ಶೇಕಡಾದಿಂದ 104 ಶೇಕಡಾವರೆಗೆ 650 ಪಟ್ಟು ಹರಡಿದೆ, ಗುಣಲಬ್ಧ ಮಾತ್ರ ಎರಡು ಪಟ್ಟಿನೊಳಗೇ ಇದೆ. ಔಷಧಶಾಸ್ತ್ರದಲ್ಲಿ ಇಷ್ಟು ಬಿಗಿಯಾದ ಸಂಬಂಧ ಅಪರೂಪ. ಇದನ್ನು ತಳ್ಳಿಹಾಕಿ ಮುಂದೆ ಹೋಗುವ ಯಾವ ವಿವರಣೆಯೂ ನಿಲ್ಲುವುದಿಲ್ಲ.

ಆದರೆ ಈ ಲೆಕ್ಕ ಹೇಳುವುದು ಒಂದೇ ಒಂದು ಮಾತು: ಔಷಧ ಕೆಲಸ ಮಾಡುವ ಜಾಗ ಎಣ್ಣೆಯಂಥ ಗುಣ ಉಳ್ಳದ್ದು, ನೀರನ್ನು ಇಷ್ಟಪಡದ್ದು. ಆ ಜಾಗ ಲಿಪಿಡ್ ಪದರವೇ, ಅಂದರೆ ಪೊರೆಯ ಕೊಬ್ಬೇ, ಆಗಬೇಕೆಂದಿಲ್ಲ. ಪ್ರೋಟೀನಿನ ಒಳಗೆ ನೀರು ಹೋಗದ ಪೊಟರೆಗಳೂ ಎಣ್ಣೆಯಂತೆಯೇ ವರ್ತಿಸುತ್ತವೆ. ಇದನ್ನು ನಿಕ್ ಫ್ರಾಂಕ್ಸ್ ಮತ್ತು ಬಿಲ್ ಲೀಬ್ 1984ರಲ್ಲಿ ಮಿಂಚುಹುಳುವಿನ ಲೂಸಿಫೆರೇಸ್ ಕಿಣ್ವದ ಮೇಲೆ ತೋರಿಸಿದರು. ಆ ದ್ರಾವಣದಲ್ಲಿ ಲಿಪಿಡ್ ಒಂದು ಚೂರೂ ಇರಲಿಲ್ಲ, ಬರೀ ಪ್ರೋಟೀನ್. ಆದರೂ ಪ್ರಾಣಿಗಳಿಗೆ ಅರಿವು ತಪ್ಪಿಸುವ ಸಾಂದ್ರತೆಯಲ್ಲೇ, ಅದೇ ಅನುಕ್ರಮದಲ್ಲಿ, ಒಂದಾದ ಮೇಲೊಂದು ಔಷಧ ಆ ಬೆಳಕನ್ನು ಮಂದ ಮಾಡಿತು. ಕಿಣ್ವದ ಸ್ವಂತ ಲೂಸಿಫೆರಿನ್ ಕೂರುವ ಜಾಗಕ್ಕೆ ಔಷಧ ಪೈಪೋಟಿಗೆ ಇಳಿದಿತ್ತು. ಮೇಯರ್–ಓವರ್ಟನ್ ಗೆರೆಯನ್ನು ಲಿಪಿಡ್ ಇಲ್ಲದೆಯೂ ಎಳೆಯಬಹುದು ಎಂದಾಯಿತು.

ಇನ್ನು ಬರೀ ಕೊಬ್ಬಿನ ವಾದ ಎಲ್ಲಿ ಮುರಿಯುತ್ತದೆ ಎಂಬುದು. ಸೆಮಿನಾರಿನಲ್ಲಿ ಹೆಚ್ಚು ಸಮಯ ಇದಕ್ಕೇ ಕೊಡಿ.

ಶಾಖ: ಆಪರೇಷನ್ನಿಗೆ ಬೇಕಾಗುವಷ್ಟು ಔಷಧ ಲಿಪಿಡ್ ಪದರದ ಸಡಿಲತೆಯಲ್ಲಿ ತರುವ ಬದಲಾವಣೆ ಬಹಳ ಚಿಕ್ಕದು. ಉಷ್ಣತೆ ಒಂದು ಡಿಗ್ರಿ ಏರಿದರೂ ಅಷ್ಟೇ ಬದಲಾವಣೆ ಆಗುತ್ತದೆ. ಪೊರೆ ಸಡಿಲವಾಗುವುದೇ ಕಾರಣವಾಗಿದ್ದರೆ 39 ಡಿಗ್ರಿ ಜ್ವರ ಬಂದ ಮಗುವಿಗೆ ಅರಿವಳಿಕೆ ಆಗಬೇಕಿತ್ತು. ವಾಸ್ತವ ಇದಕ್ಕೆ ಉಲ್ಟಾ. ಮೈ ತಣ್ಣಗಾದಾಗ, ಅಂದರೆ ಪೊರೆ ಗಟ್ಟಿಯಾದಾಗ, ಮ್ಯಾಕ್ ಇಳಿಯುತ್ತದೆ.

ಸರಪಳಿಯ ಉದ್ದ: ನೇರ ಸರಪಳಿಯ ಆಲ್ಕೊಹಾಲ್‌ಗಳಲ್ಲಿ ಒಂದೊಂದು ಇಂಗಾಲ ಸೇರಿದಂತೆ ಪ್ರಾಬಲ್ಯ ಸುಮಾರು ಮೂರು ಪಟ್ಟು ಏರುತ್ತ ಹೋಗುತ್ತದೆ. 12 ಇಂಗಾಲದ ಡೋಡೆಕನಾಲ್ ಗೊದಮೊಟ್ಟೆಯ ಅರಿವು ತಪ್ಪಿಸುತ್ತದೆ. 14 ಇಂಗಾಲದ ಟೆಟ್ರಾಡೆಕನಾಲ್ ಪೊರೆಯೊಳಗೆ ಚೆನ್ನಾಗಿ ಕರಗಿದರೂ ಅರಿವು ತಪ್ಪಿಸುವುದಿಲ್ಲ. ಲಿಪಿಡ್ ಪದರ ಉದ್ದದ ಅಣುವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅಳತೆ ನಿಗದಿಯಾದ ಪೊಟರೆ ಬಿಟ್ಟುಕೊಳ್ಳುವುದಿಲ್ಲ.

ಎಫ್6 ಎಂಬ ವಸ್ತು: 1,2-ಡೈಕ್ಲೋರೋಹೆಕ್ಸಾಫ್ಲೋರೋಸೈಕ್ಲೋಬ್ಯುಟೇನ್. ಎಣ್ಣೆಯಲ್ಲಿ ಕರಗುವುದನ್ನು ನೋಡಿದರೆ ಒಳ್ಳೆಯ ಅರಿವಳಿಕೆ ಆಗಬೇಕಿತ್ತು. ಆದರೆ ಇಲಿಗಳಿಗೆ ಗೆರೆ ಹೇಳುವುದಕ್ಕಿಂತ ಹೆಚ್ಚು ಕೊಟ್ಟರೂ ಬಾಲ ಚಿವುಟಿದರೆ ಒದ್ದಾಡುತ್ತವೆ, ಇನ್ನೂ ಹೆಚ್ಚಿಸಿದರೆ ಸೆಳವು ಬರುತ್ತದೆ. ಆದರೂ ಅದು ಕಲಿಕೆಯನ್ನು, ನೆನಪನ್ನು ಕೆಡಿಸುತ್ತದೆ. ನೆನಪು ಅಳಿಸುವುದು, ಅಲುಗಾಡದಂತೆ ಮಾಡುವುದು ಎರಡೂ ಒಂದೇ ಕೆಲಸ ಅಲ್ಲ ಎಂದು ಇದು ಹೇಳಿಕೊಡುತ್ತದೆ.

ಕನ್ನಡಿ ಬಿಂಬದ ಅಣುಗಳು: ಐಸೋಫ್ಲುರೇನ್‌ನ ಎಡ, ಬಲ ರೂಪಗಳೆರಡೂ ಲಿಪಿಡ್‌ನಲ್ಲಿ ಸಮನಾಗಿ ಕರಗುತ್ತವೆ. ಆದರೆ ಕೊಳದ ಬಸವನಹುಳುವಿನ ನರಕೋಶದಲ್ಲಿ ಪೊಟ್ಯಾಸಿಯಂ ಪ್ರವಾಹ ಹುಟ್ಟಿಸುವುದರಲ್ಲಿ ಒಂದು ರೂಪ ಇನ್ನೊಂದಕ್ಕಿಂತ ಸುಮಾರು ಎರಡು ಪಟ್ಟು ಮುಂದು. ರಕ್ತನಾಳಕ್ಕೆ ಕೊಡುವ ಅರಿವಳಿಕೆ ಔಷಧ ಎಟೊಮಿಡೇಟ್‌ನಲ್ಲಿ ಈ ಅಂತರ ಹತ್ತು ಪಟ್ಟಿಗೂ ಮೀರಿದೆ. ನಿಮ್ಮ ಓಟಿಯಲ್ಲಿರುವ ಎಟೊಮಿಡೇಟ್ ವಯಲ್‌ನಲ್ಲಿ ಬಲರೂಪ ಮಾತ್ರ ಇರುವುದು ಇದೇ ಕಾರಣಕ್ಕೆ. ಎಡ-ಬಲ ಗುರುತಿಸಬೇಕಾದರೆ ಎದುರಿಗೆ ನಿರ್ದಿಷ್ಟ ಆಕಾರದ ಜಾಗ ಬೇಕು. ಪ್ರೋಟೀನಿನಲ್ಲಿ ಅಂಥ ಜಾಗ ಇದೆ.

ಪ್ಯಾಚ್‌ಕ್ಲ್ಯಾಂಪ್ ಉತ್ತರಿಸಿದ್ದು:

ಜೀವಭೌತ ಅವರು ಹೇಳಿದ್ದಕ್ಕೆ ಮುಂದುವರಿಸಿ, ಆ ಪೊಟರೆ ಎಲ್ಲಿದೆ ಎಂಬುದನ್ನು ಹೇಳುತ್ತೇನೆ. "ಕೊಬ್ಬೋ ಪ್ರೋಟೀನೋ" ಎಂಬ ಪ್ರಶ್ನೆಯ ತೂಕ ಅಲ್ಲಿಗೆ ಬಂದಾಗ ಕಡಿಮೆಯಾಗುತ್ತದೆ. ಏಕೆಂದರೆ ಮುಖ್ಯ ಪೊಟರೆಗಳು ಪ್ರೋಟೀನಿನಲ್ಲಿವೆ, ಆ ಪ್ರೋಟೀನಿನ ಆ ಭಾಗ ಪೊರೆಯ ಕೊಬ್ಬಿನೊಳಗೆ ಮುಳುಗಿದೆ.

ಗಾಬಾ-ಎ ರಿಸೆಪ್ಟರ್ ಐದು ಉಪಘಟಕಗಳ ಉಂಗುರ. ಮಿದುಳಿನಲ್ಲಿ ಹೆಚ್ಚಾಗಿ ಸಿಗುವುದು ಎರಡು ಆಲ್ಫಾ, ಎರಡು ಬೀಟಾ, ಒಂದು ಗಾಮಾ. ಒಂದೊಂದು ಉಪಘಟಕವೂ ಪೊರೆಯನ್ನು ನಾಲ್ಕು ಸಲ ಹಾಯುತ್ತದೆ. ಎರಡನೆಯ ಸುರುಳಿಗಳು ಐದೂ ಸೇರಿ ನಡುವೆ ಕ್ಲೋರೈಡ್ ಹೋಗುವ ರಂಧ್ರ ಆಗುತ್ತದೆ. ಗಾಬಾ ಕೂರುವುದು ಪೊರೆಯ ಹೊರಗೆ, ಬೀಟಾ ಮತ್ತು ಆಲ್ಫಾ ಸೇರುವ ಸಂದಿಯಲ್ಲಿ. ಪ್ರೊಪೊಫಾಲ್, ಎಟೊಮಿಡೇಟ್ ಕೂರುವುದೂ ಅದೇ ಬೀಟಾ-ಆಲ್ಫಾ ಸಂದಿಯಲ್ಲೇ, ಆದರೆ ಸುಮಾರು 5 ನ್ಯಾನೋಮೀಟರ್ ಕೆಳಗೆ, ಪೊರೆಯೊಳಗಿನ ಭಾಗದಲ್ಲಿ. ಅಲ್ಲಿ ಅವು ಬೆಣೆಯಂತೆ ಸಿಕ್ಕಿಕೊಂಡು ಚಾನಲ್ ತೆರೆದ ಸ್ಥಿತಿಯನ್ನು ಗಟ್ಟಿ ಮಾಡುತ್ತವೆ. ಬಾರ್ಬಿಟುರೇಟ್‌ಗಳಿಗೆ ಪೊರೆಯೊಳಗೇ ಪಕ್ಕದ ಬೇರೆ ಸಂದಿಗಳು. ಮಂಪರು ತರುವ ಮಿಡಜೋಲಾಮ್ ಕೂರುವುದು ಹೊರಗೆ, ಆಲ್ಫಾ-ಗಾಮಾ ನಡುವೆ. ಅದರ ಪ್ರತಿಔಷಧ ಫ್ಲುಮಾಜೆನಿಲ್ ಕೊಟ್ಟರೆ ಮಿಡಜೋಲಾಮ್ ಇಳಿಯುತ್ತದೆ, ಪ್ರೊಪೊಫಾಲ್ ಇಳಿಯುವುದಿಲ್ಲ. ವೈವಾದಲ್ಲಿ ಯಾಕೆ ಎಂದು ಕೇಳಿದರೆ ಈ ಜಾಗದ ವ್ಯತ್ಯಾಸವೇ ಉತ್ತರ.

ಸಾಕ್ಷಿಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಒಂದು ಅಮೈನೋ ಆಮ್ಲದ ಪ್ರಯೋಗ. ಬೀಟಾ-2, ಬೀಟಾ-3 ಉಪಘಟಕಗಳ 265ನೇ ಸ್ಥಾನದಲ್ಲಿ ಆಸ್ಪರಾಜಿನ್ ಇದೆ. ಬೀಟಾ-1ರಲ್ಲಿ ಅದೇ ಜಾಗದಲ್ಲಿ ಸೆರಿನ್ ಇದೆ, ಎಟೊಮಿಡೇಟ್‌ಗೆ ಅದು ಹೆಚ್ಚು ಕಿವಿಗೊಡುವುದಿಲ್ಲ. 2003ರಲ್ಲಿ ಬೀಟಾ-3ರ ಆ ಆಸ್ಪರಾಜಿನ್ ತೆಗೆದು ಮೆಥಿಯೋನಿನ್ ಇಟ್ಟ ಇಲಿಗಳ ಫಲಿತಾಂಶ ಬಂತು. ಪ್ರೊಪೊಫಾಲ್ ಅಥವಾ ಎಟೊಮಿಡೇಟ್ ಕೊಟ್ಟು ಕಾಲು ಚಿವುಟಿದರೆ ಅವು ಕಾಲು ಎಳೆದುಕೊಳ್ಳುತ್ತಲೇ ಇದ್ದವು. ಮಗುಚಿದರೆ ಮೇಲೇಳಲಾಗದ ಅವಧಿಯೂ ಗಿಡ್ಡವಾಗಿತ್ತು. ಲಿಪಿಡ್‌ನಲ್ಲಿ ಏನೂ ಬದಲಾಗಿರಲಿಲ್ಲ, ಸಾವಿರಾರು ಪರಮಾಣುಗಳ ರಿಸೆಪ್ಟರಿನಲ್ಲಿ ಒಂದು ಕಡ್ಡಿ ಬದಲಾಗಿತ್ತು, ಔಷಧ ಸೋತಿತು. ಬೀಟಾ-2ರಲ್ಲಿ ಅದೇ ಸ್ಥಾನ ಬದಲಿಸಿದ ಇಲಿಗಳಲ್ಲಿ ಎಟೊಮಿಡೇಟ್‌ನ ಮಂಪರು ಕಡಿಮೆಯಾಯಿತು. ಮಂಪರಿಗೆ ಬೀಟಾ-2, ಅಲುಗಾಡದಿರುವುದಕ್ಕೆ ಬೀಟಾ-3 ಹೆಚ್ಚು ಮುಖ್ಯ. ಆದರೆ ಇದೇ ಬೀಟಾ-3 ಇಲಿಗಳಲ್ಲಿ ಹ್ಯಾಲೋಥೇನ್, ಎನ್‌ಫ್ಲುರೇನ್ ಪ್ರಭಾವ ತುಸು ಮಾತ್ರ ತಗ್ಗಿತು. ಅನಿಲಗಳಿಗೆ ಬೇರೆ ಜಾಗಗಳೂ ಇವೆ ಎಂದು ಇದರ ಅರ್ಥ.

ಚಾನಲ್ ತೆರೆದಾಗ ಪೊರೆಯಲ್ಲಿ ಏನಾಗುತ್ತದೆ ಎಂಬುದನ್ನು ಪುಸ್ತಕಗಳು ಅವಸರದಲ್ಲಿ ಹೇಳಿಬಿಡುತ್ತವೆ. ಕ್ಲೋರೈಡ್‌ನ ಸಮತೋಲನ ವೋಲ್ಟೇಜ್ ಮೈನಸ್ 70 ಮಿಲಿವೋಲ್ಟ್ ಆಸುಪಾಸು, ನರಕೋಶದ ವಿರಾಮ ಸ್ಥಿತಿಗೆ ಹತ್ತಿರ. ಹಾಗಾಗಿ ವೋಲ್ಟೇಜ್ ಹೆಚ್ಚೇನೂ ಕೆಳಗಿಳಿಯುವುದಿಲ್ಲ. ಪೊರೆ ಸೋರುವಂತಾಗುತ್ತದೆ, ಅದು ಮುಖ್ಯ. ನರಕೋಶವನ್ನು ಕೆರಳಿಸುವ ಗ್ಲುಟಮೇಟ್ ತಂದ ಧನ ಪ್ರವಾಹ ಆ ಸೋರಿಕೆಯಲ್ಲಿ ಕಳೆದುಹೋಗಿ ಕೋಶ ಕಿಡಿಯುವ ಮಟ್ಟ ಮುಟ್ಟುವುದಿಲ್ಲ. ಕಡಿಮೆ ಸಾಂದ್ರತೆಯ ಪ್ರೊಪೊಫಾಲ್ ತಾನಾಗಿ ಚಾನಲ್ ತೆರೆಯುವುದಿಲ್ಲ. ಗಾಬಾ ತೆರೆದದ್ದು ಬೇಗ ಮುಚ್ಚದಂತೆ ಮಾಡುತ್ತದೆ, ತಡೆ ಪ್ರವಾಹದ ಬಾಲ ಉದ್ದವಾಗುತ್ತದೆ. ಸಾಂದ್ರತೆ ಹೆಚ್ಚಿದರೆ ಗಾಬಾ ಇಲ್ಲದೆಯೂ ನೇರವಾಗಿ ತೆರೆಯುತ್ತದೆ.

ಎರಡನೆಯ ಗುಂಪು, ಎರಡು ರಂಧ್ರದ ಪೊಟ್ಯಾಸಿಯಂ ಚಾನಲ್‌ಗಳು: ಟ್ರೆಕ್-1, ಟಾಸ್ಕ್-1, ಟಾಸ್ಕ್-3. ಅನಿಲಗಳು ಇವನ್ನು ತೆರೆದು ಕೋಶವನ್ನು ಋಣದ ಕಡೆಗೆ ಎಳೆಯುತ್ತವೆ. ಟ್ರೆಕ್-1 ಇಲ್ಲದ ಇಲಿಗಳಿಗೆ ಹ್ಯಾಲೋಥೇನ್, ಕ್ಲೋರೋಫಾರ್ಮ್, ಸೆವೋಫ್ಲುರೇನ್ ಹೆಚ್ಚು ಬೇಕಾಯಿತು, ಪೆಂಟೊಬಾರ್ಬಿಟಾಲ್ ವಿಷಯದಲ್ಲಿ ವ್ಯತ್ಯಾಸವೇ ಇರಲಿಲ್ಲ. ಮೂರನೆಯ ಗುಂಪಿನ ಕತೆಯೇ ಬೇರೆ: ಕೆಟಮಿನ್, ನೈಟ್ರಸ್ ಆಕ್ಸೈಡ್, ಕ್ಸೆನಾನ್ ಗಾಬಾ-ಎ ಮೇಲೆ ಹೆಚ್ಚೇನೂ ಮಾಡದೆ ಗ್ಲುಟಮೇಟ್ ಕೂರುವ ಎನ್‌ಎಂಡಿಎ ರಿಸೆಪ್ಟರನ್ನು ತಡೆಯುತ್ತವೆ. ಕೆಟಮಿನ್ ತೆರೆದ ರಂಧ್ರದೊಳಗೇ ಹೋಗಿ ಅಡ್ಡ ಕೂರುತ್ತದೆ, ಕ್ಸೆನಾನ್ ಗ್ಲೈಸಿನ್ ಕೂರುವ ಜಾಗಕ್ಕೆ ಸ್ಪರ್ಧಿಸುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ಇದೇ ಉತ್ತರ. ಆಕಾರ ಹೋಲದ ಔಷಧಗಳು ಒಂದೇ ಬೀಗ ತೆರೆಯುತ್ತಿಲ್ಲ, ಬೇರೆ ಬೇರೆ ಚಾನಲ್‌ಗಳ ಮೂಲಕ ಒಂದೇ ಜಾಲವನ್ನು ಸುಮ್ಮನಾಗಿಸುತ್ತಿವೆ.

ಸೋಡಿಯಂ ಚಾನಲ್ ಅದುಮಿಹೋಗುತ್ತದೆ ಎಂಬ ಹಳೆಯ ಚಿತ್ರವನ್ನು ಹಾಗೇ ಹಾಕಬೇಡಿ. ಆಪರೇಷನ್ನಿನ ಸಾಂದ್ರತೆಯಲ್ಲಿ ದಪ್ಪ ನರತಂತುಗಳಲ್ಲಿ ಸಂಕೇತ ಓಡುತ್ತಲೇ ಇರುತ್ತದೆ. ಪೆಟ್ಟು ಬೀಳುವುದು ಒಂದು ನರಕೋಶ ಇನ್ನೊಂದಕ್ಕೆ ಸಂಕೇತ ದಾಟಿಸುವ ಸಿನಾಪ್ಸಿನಲ್ಲಿ. ಅತಿ ಸಣ್ಣ ನರತುದಿಗಳಲ್ಲಿ ಐಸೋಫ್ಲುರೇನ್ ಸೋಡಿಯಂ ಪ್ರವಾಹವನ್ನು ಸ್ವಲ್ಪ ತಗ್ಗಿಸಿದರೂ ಗ್ಲುಟಮೇಟ್ ಬಿಡುಗಡೆ ಎದ್ದು ಕಾಣುವಷ್ಟು ಇಳಿಯುತ್ತದೆ, ಗಾಬಾ ಬಿಡುಗಡೆ ಅಷ್ಟು ಇಳಿಯುವುದಿಲ್ಲ.

ಎಂಡಿ_ಮೊದಲವರ್ಷ:

ತುಂಬಾ ಉಪಕಾರವಾಯಿತು. ನಮ್ಮ ಶರೀರಕ್ರಿಯಾ ವಿಭಾಗದಲ್ಲಿ ಮಿದುಳಿನ ಸ್ಲೈಸ್ ರೆಕಾರ್ಡಿಂಗ್ ಸೌಲಭ್ಯ ಇದೆ. ಐಸೋಫ್ಲುರೇನ್ ಅಥವಾ ಪ್ರೊಪೊಫಾಲ್ ಹಾಕಿ ತಡೆ ಪ್ರವಾಹದ ಬಾಲ ಉದ್ದವಾಗುವುದನ್ನು ತೋರಿಸಬಹುದೇ? ಎಷ್ಟು ಸಾಂದ್ರತೆ ಹಾಕಬೇಕು? ಒಂದು ಲೇಖನದಲ್ಲಿ 1 ಮೈಕ್ರೋಮೋಲಾರ್, ಇನ್ನೊಂದರಲ್ಲಿ 50 ಎಂದಿದೆ.

ಪ್ಯಾಚ್‌ಕ್ಲ್ಯಾಂಪ್:

50 ಮೈಕ್ರೋಮೋಲಾರ್ ಪ್ರೊಪೊಫಾಲ್ ಹಾಕಿ ತೋರಿಸಿದ ಪರಿಣಾಮಕ್ಕೂ ರೋಗಿಯ ನಿದ್ದೆಗೂ ಸಂಬಂಧ ಇಲ್ಲ. ಲೆಕ್ಕ ನೋಡಿ. ಅರಿವು ತಪ್ಪುವಾಗ ಪ್ಲಾಸ್ಮಾದಲ್ಲಿ ಪ್ರೊಪೊಫಾಲ್ ಮಿಲಿಲೀಟರಿಗೆ ಸುಮಾರು 3.5 ಮೈಕ್ರೋಗ್ರಾಂ ಎಂದಿಟ್ಟುಕೊಳ್ಳಿ. ಅಣುತೂಕ 178. ಭಾಗಿಸಿದರೆ ಒಟ್ಟು 20 ಮೈಕ್ರೋಮೋಲಾರ್. ಅದರಲ್ಲಿ ಶೇಕಡಾ 98ರಷ್ಟು ಆಲ್ಬುಮಿನ್‌ಗೆ, ರಕ್ತಕಣಗಳಿಗೆ ಅಂಟಿರುತ್ತದೆ. ನರಕೋಶಕ್ಕೆ ಸಿಗುವ ಬಿಡಿ ಔಷಧ 0.4 ಮೈಕ್ರೋಮೋಲಾರ್. ಸ್ಲೈಸಿನ ದ್ರಾವಣದಲ್ಲಿ ಆಲ್ಬುಮಿನ್ ಇರುವುದಿಲ್ಲ, ಆದ್ದರಿಂದ ಹಾಕಬೇಕಾದದ್ದು ಈ ಬಿಡಿ ಪ್ರಮಾಣ, 0.5ರಿಂದ 1 ಮೈಕ್ರೋಮೋಲಾರ್. ಹತ್ತಾರು ಮೈಕ್ರೋಮೋಲಾರ್ ಹಾಕಿದರೆ ಎದುರಿಗೆ ಸಿಕ್ಕ ಚಾನಲ್ಲೆಲ್ಲ ಬದಲಾಗುತ್ತದೆ, ಯಾವುದು ಮುಖ್ಯ ಎಂದು ತಿಳಿಯುವುದೇ ಇಲ್ಲ. ಸಾಹಿತ್ಯದಲ್ಲಿ ಒಂದಕ್ಕೊಂದು ಹೊಂದದ ಫಲಿತಾಂಶಗಳು ಇಷ್ಟಿರುವುದಕ್ಕೆ ಇದು ದೊಡ್ಡ ಕಾರಣ.

ಇನ್ನೆರಡು ತೊಡಕು. ಪ್ರೊಪೊಫಾಲ್ ಪ್ಲಾಸ್ಟಿಕ್ ಟ್ಯೂಬಿಗೆ ಅಂಟಿಕೊಳ್ಳುತ್ತದೆ. ಜಲಾಶಯದಲ್ಲಿ 1 ಹಾಕಿದರೂ ಸ್ಲೈಸಿಗೆ ಮುಟ್ಟುವುದು ಬಹಳ ಕಡಿಮೆ. ಗಾಜಿನ ಪಾತ್ರೆ, ಟೆಫ್ಲಾನ್ ಟ್ಯೂಬ್ ಬಳಸಿ. ಅಲ್ಲದೆ ಸ್ಲೈಸಿನ ಕೊಬ್ಬು ಅದನ್ನು ಹೀರಿಕೊಳ್ಳುತ್ತ ಇರುವುದರಿಂದ ಒಳಗಿನ ಕೋಶಗಳಿಗೆ ಸಮಸಾಂದ್ರತೆ ಬರಲು ಗಂಟೆಗಳೇ ಬೇಕು. ಹತ್ತು ನಿಮಿಷ ಕಾದು "ಪರಿಣಾಮ ಇಲ್ಲ" ಎಂದು ಬರೆಯಬೇಡಿ, ಸಾಂದ್ರತೆಯನ್ನು ಏರಿಸಲೂ ಬೇಡಿ. ಔಷಧ ಕರಗಿಸಿದ ಡಿಎಂಎಸ್‌ಒ ಅಷ್ಟನ್ನೇ ಹಾಕಿದ ಕಂಟ್ರೋಲ್ ರೆಕಾರ್ಡಿಂಗ್ ಬೇಕೇ ಬೇಕು.

ಐಸೋಫ್ಲುರೇನ್ ವಿಷಯದಲ್ಲಿ ಶೇಕಡಾವಾರು ಬಿಡಿ, ಮಿಲಿಮೋಲಾರ್ ಹಿಡಿಯಿರಿ. 37 ಡಿಗ್ರಿಯಲ್ಲಿ 0.0115 ವಾತಾವರಣವನ್ನು ಅನಿಲ ಸೂತ್ರದಿಂದ ಸಾಂದ್ರತೆಗೆ ಇಳಿಸಿದರೆ ಸುಮಾರು 0.45 ಮಿಲಿಮೋಲಾರ್. ಅದನ್ನು ನೀರು-ಅನಿಲ ಗುಣಾಂಕ 0.6ರಿಂದ ಗುಣಿಸಿದರೆ ಸುಮಾರು 0.27. ಒಂದು ಮ್ಯಾಕ್ ಎಂದರೆ ನೀರಿನಲ್ಲಿ ಸರಿಸುಮಾರು 0.3 ಮಿಲಿಮೋಲಾರ್ ಎಂದು ಇಟ್ಟುಕೊಳ್ಳಿ. ರೂಮಿನ ಉಷ್ಣತೆಯಲ್ಲಿ ಅನಿಲ ನೀರಿನಲ್ಲಿ ಇನ್ನೂ ಹೆಚ್ಚು ಕರಗುತ್ತದೆ. 25 ಡಿಗ್ರಿಯ ರಿಗ್‌ನಲ್ಲಿ ವೇಪರೈಸರನ್ನು 1.15ಕ್ಕೆ ಇಟ್ಟು ಗುಳ್ಳೆ ಹಾಯಿಸಿದರೆ ಸ್ಲೈಸ್ ಒಂದೂವರೆ ಮ್ಯಾಕ್‌ಗೂ ಮೀರಿ ಕುಡಿಯುತ್ತಿರುತ್ತದೆ. ದ್ರಾವಣವನ್ನು, ಮೇಲ್ಭಾಗದಲ್ಲಿ ಗಾಳಿ ಉಳಿಯದಂತೆ ಮುಚ್ಚಿದ ಗಾಜಿನ ಸಿರಿಂಜಿನಿಂದ ಹರಿಸಿ. ತೆರೆದ ಬಾತ್‌ನಲ್ಲಿ ಅದು ಹಾರಿಹೋಗುತ್ತದೆ. ಸಾಧ್ಯವಿದ್ದರೆ ಕೋಶದ ಪಕ್ಕದಿಂದಲೇ ಮಾದರಿ ತೆಗೆದು ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಅಳೆಯಿರಿ.

ಓಟಿ_ಟೇಬಲ್ ಉತ್ತರಿಸಿದ್ದು:

ಚಾನಲ್‌ಗಳ ಮಟ್ಟದಲ್ಲಿ ಇಬ್ಬರೂ ಸೊಗಸಾಗಿ ಹೇಳಿದ್ದಾರೆ. ಇದು ಟೇಬಲ್ ಹತ್ತಿರ ಯಾಕೆ ಬೇಕು ಎಂಬುದನ್ನು ಸೇರಿಸುತ್ತೇನೆ. ಸೆಮಿನಾರಿನಲ್ಲಿ ಪ್ರೊಫೆಸರ್‌ಗಳು ಕೇಳುವುದು ಇದನ್ನೇ.

ಮ್ಯಾಕ್ ಅಳೆಯುವುದು ಅರಿವನ್ನು ಅಲ್ಲ. ಚರ್ಮ ಕೊಯ್ದಾಗ ನೂರರಲ್ಲಿ 50 ಜನ ಅಲುಗಾಡದಿರುವ ಸಾಂದ್ರತೆ ಅದು, ಅಷ್ಟೇ. ಅಲುಗಾಡದಿರುವ ಕೆಲಸ ಹೆಚ್ಚಾಗಿ ಬೆನ್ನುಹುರಿಯದು. 1993ರಲ್ಲಿ ಇದಕ್ಕೆ ಎರಡು ಕಡೆಯಿಂದ ಸಾಕ್ಷಿ ಬಂತು. ಮುಮ್ಮೆದುಳು ತೆಗೆದ ಇಲಿಗಳಲ್ಲೂ ಐಸೋಫ್ಲುರೇನ್ ಮ್ಯಾಕ್ ಬದಲಾಗಲಿಲ್ಲ. ಆಡುಗಳಲ್ಲಿ ಐಸೋಫ್ಲುರೇನನ್ನು ಮಿದುಳಿನ ರಕ್ತಕ್ಕೆ ಮಾತ್ರ ಕೊಟ್ಟಾಗ ಅಲುಗಾಡದಿರಲು 2.9 ಶೇಕಡಾ ಬೇಕಾಯಿತು, ಇಡೀ ದೇಹಕ್ಕೆ ಕೊಟ್ಟಾಗ 1.2 ಸಾಕಾಗಿತ್ತು. ಅರಿವು ಹೋಗುವುದು ಇದಕ್ಕಿಂತ ಬಹಳ ಮೊದಲೇ, ಐಸೋಫ್ಲುರೇನ್, ಸೆವೋಫ್ಲುರೇನ್‌ಗಳಲ್ಲಿ ಮ್ಯಾಕ್‌ನ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ. ನೈಟ್ರಸ್ ಆಕ್ಸೈಡ್‌ನಲ್ಲಿ ಈ ಅನುಪಾತ 0.6ರ ಹತ್ತಿರ. ಎಲ್ಲ ಔಷಧಗಳೂ ಒಂದೇ ಕಡೆ ಕೆಲಸ ಮಾಡುವುದಾಗಿದ್ದರೆ ಅನುಪಾತವೂ ಒಂದೇ ಇರಬೇಕಿತ್ತು.

ತಪ್ಪಾಗುವುದು ಇಲ್ಲಿ. ಓಪಿಯಾಯ್ಡ್‌ಗಳು ಮ್ಯಾಕ್ ಅನ್ನು ಚೆನ್ನಾಗಿ ಇಳಿಸುತ್ತವೆ, ಆದರೆ ಎಚ್ಚರ ತಪ್ಪಲು ಬೇಕಾದ ಸಾಂದ್ರತೆಯನ್ನು ಅಷ್ಟಾಗಿ ಇಳಿಸುವುದಿಲ್ಲ. ರೆಮಿಫೆಂಟನಿಲ್ ಎಂಬ ಓಪಿಯಾಯ್ಡ್‌ನ ಇನ್‌ಫ್ಯೂಷನ್ ಓಡುತ್ತಿದೆ, ರೋಗಿ ಅಲುಗಾಡುತ್ತಿಲ್ಲ, ಬಿಪಿ ಕೆಳಗಿದೆ ಎಂದು ಅನಿಲದ ಡಯಲ್ ಇಳಿಸುತ್ತ ಹೋದರೆ ಅರಿವು ಮರಳುವ ಗಡಿಗೆ ಬಂದುಬಿಡಬಹುದು. ಅದರ ಮೇಲೆ ಸ್ನಾಯು ಸಡಿಲಿಸುವ ಔಷಧ ಕೊಟ್ಟಿದ್ದರೆ ರೋಗಿಗೆ ಬೆರಳೆತ್ತಿ ತಿಳಿಸಲೂ ಆಗದು. ವೆಕ್ಯುರೋನಿಯಂ ಕೆಲಸ ಮಾಡುವುದು ನರ-ಸ್ನಾಯು ಸಂಧಿಯ ನಿಕೋಟಿನಿಕ್ ರಿಸೆಪ್ಟರ್ ಮೇಲೆ, ಮಿದುಳಿಗೆ ಅದು ಹೋಗುವುದೇ ಇಲ್ಲ. ಹಾಗಾಗಿ ವಯಸ್ಸಿಗೆ ಹೊಂದಿಸಿದ ಎಂಡ್-ಟೈಡಲ್ (ಉಸಿರು ಬಿಡುವುದರ ಕೊನೆಯಲ್ಲಿ ಅಳೆದ) 0.7 ಮ್ಯಾಕ್‌ಗೆ ಅಲಾರಂ ಇಡಿ. 40 ವರ್ಷದ ನಂತರ ಹತ್ತು ವರ್ಷಕ್ಕೆ ಸುಮಾರು 6 ಶೇಕಡಾ ಮ್ಯಾಕ್ ಇಳಿಯುತ್ತದೆ. ಐಸೋಫ್ಲುರೇನ್‌ಗೆ 40ರಲ್ಲಿ 1.15 ಇದ್ದದ್ದು 80ರಲ್ಲಿ 0.9 ಆಗುತ್ತದೆ.

ಬಿಸ್ ಮಾನಿಟರ್ (ಮಿದುಳಿನ ಅಲೆಗಳಿಂದ ಅರಿವಳಿಕೆಯ ಆಳವನ್ನು ಒಂದು ಸಂಖ್ಯೆಯಾಗಿ ತೋರಿಸುವ ಯಂತ್ರ): ಪ್ರೊಪೊಫಾಲ್, ಸೆವೋಫ್ಲುರೇನ್ ಕೊಟ್ಟಾಗ ಹಣೆಯ ಇಇಜಿಯಲ್ಲಿ 8ರಿಂದ 12 ಹರ್ಟ್ಸ್‌ನ ಆಲ್ಫಾ ಅಲೆ, ಜೊತೆಗೆ 1 ಹರ್ಟ್ಸ್‌ಗಿಂತ ನಿಧಾನದ ಅಲೆ ಕಾಣುತ್ತದೆ. ಬಿಸ್ ಸಂಖ್ಯೆ ಈ ಗಾಬಾ ಮಾದರಿಯನ್ನೇ ನಂಬಿಕೊಂಡಿದೆ. ಕೆಟಮಿನ್ ಎನ್‌ಎಂಡಿಎ ತಡೆದಾಗ ವೇಗದ ಅಲೆಗಳು ಹೆಚ್ಚುತ್ತವೆ, ಬಿಸ್ ಇಳಿಯುವ ಬದಲು ಏರಬಹುದು. ಪ್ರೊಪೊಫಾಲ್ ಇನ್‌ಫ್ಯೂಷನ್ ನಡುವೆ ಕೆಜಿಗೆ 0.5 ಮಿ.ಗ್ರಾಂ. ಕೆಟಮಿನ್ ಕೊಟ್ಟ ಮೇಲೆ ಬಿಸ್ ಏರಿತು ಎಂದು ಪ್ರೊಪೊಫಾಲ್ ಏರಿಸಿದರೆ ಬಿಪಿ ಬೀಳುತ್ತದೆ. ಆಗ ಸಂಖ್ಯೆ ಬಿಟ್ಟು ಇಇಜಿಯ ಕಚ್ಚಾ ಅಲೆಯನ್ನೇ ನೋಡಿ. ನೈಟ್ರಸ್ ಆಕ್ಸೈಡ್ ಸೇರಿಸಿದಾಗಲೂ ಬಿಸ್‌ನಲ್ಲಿ ಅದು ಕಾಣದೇ ಹೋಗಬಹುದು.

ಇನ್ನೊಂದು ಗೊಂದಲವನ್ನೂ ಸ್ಲೈಡಿನಲ್ಲಿ ಬಿಡಿಸಿ. ಪ್ರಾಬಲ್ಯ ಬೇರೆ, ವೇಗ ಬೇರೆ. ಪ್ರಾಬಲ್ಯ ಎಣ್ಣೆ-ಅನಿಲ ಗುಣಾಂಕದ ಮೇಲೆ, ವೇಗ ರಕ್ತ-ಅನಿಲ ಗುಣಾಂಕದ ಮೇಲೆ ನಿಂತಿದೆ. ಡೆಸ್‌ಫ್ಲುರೇನ್ 0.42, ಸೆವೋಫ್ಲುರೇನ್ 0.65, ಐಸೋಫ್ಲುರೇನ್ 1.4, ಹ್ಯಾಲೋಥೇನ್ 2.4. ಡೆಸ್‌ಫ್ಲುರೇನ್ ಈ ನಾಲ್ಕರಲ್ಲಿ ಅತ್ಯಂತ ದುರ್ಬಲ, ಅತ್ಯಂತ ವೇಗದ್ದು.

ಎಂಡಿ_ಮೊದಲವರ್ಷ:

ಒತ್ತಡದ ಪ್ರಶ್ನೆ ಉಳಿದಿದೆ. ಜೊತೆಗೆ 2020ರ ಲೇಖನವೊಂದರಲ್ಲಿ ಲಿಪಿಡ್ ವಾದ ಮತ್ತೆ ಬಂದಿದೆಯಂತೆ. ಅದನ್ನು ಹೇಗೆ ಓದಬೇಕು?

ಜೀವಭೌತ:

ಒತ್ತಡದ ಪ್ರಯೋಗ ನಿಜ. 1950ರಲ್ಲಿ ಜಾನ್ಸನ್ ಮತ್ತು ಫ್ಲಾಗ್ಲರ್ ಆಲ್ಕೊಹಾಲಿನಲ್ಲಿ ಅರಿವು ತಪ್ಪಿದ ಗೊದಮೊಟ್ಟೆಗಳಿಗೆ ನೂರಕ್ಕೂ ಹೆಚ್ಚು ವಾತಾವರಣದ ಒತ್ತಡ ಕೊಟ್ಟಾಗ ಅವು ಮತ್ತೆ ಈಜಿದವು. ಇದನ್ನು ಆಧರಿಸಿ 1973ರಲ್ಲಿ "ನಿರ್ಣಾಯಕ ಗಾತ್ರ" ಎಂಬ ವಾದ ಬಂತು: ಔಷಧ ಪೊರೆಯನ್ನು ಒಂದು ಮಟ್ಟ ಮೀರಿ ಹಿಗ್ಗಿಸಿದರೆ ಅರಿವು ಹೋಗುತ್ತದೆ, ಒತ್ತಡ ಅದನ್ನು ಮತ್ತೆ ಕುಗ್ಗಿಸುತ್ತದೆ. ತೊಂದರೆ ಏನೆಂದರೆ ಭಾರಿ ಒತ್ತಡ ತಾನೇ ನರಮಂಡಲವನ್ನು ಕೆರಳಿಸುತ್ತದೆ. ಬಹಳ ಆಳಕ್ಕೆ ಇಳಿಯುವ ಮುಳುಗುಗಾರರಿಗೆ ನಡುಕ ಬರುವುದು ಇದರಿಂದಲೇ. ಒಂದು ಕಡೆ ತಗ್ಗಿಸುವ ಔಷಧ, ಇನ್ನೊಂದು ಕಡೆ ಕೆರಳಿಸುವ ಒತ್ತಡ. ಎರಡೂ ಒಂದನ್ನೊಂದು ಸರಿದೂಗಿಸಿದವು ಎಂದ ಮಾತ್ರಕ್ಕೆ ಎರಡೂ ಒಂದೇ ಜಾಗದಲ್ಲಿ ಕೆಲಸ ಮಾಡಿದವು ಎಂದಾಗುವುದಿಲ್ಲ. ಹಾಗಾಗಿ ಆ ಪ್ರಯೋಗವನ್ನು ಹೇಳಿ, ಪೊರೆ ಉಬ್ಬುವುದಕ್ಕೆ ಸಾಕ್ಷಿ ಎಂದು ಮಾತ್ರ ಹೇಳಬೇಡಿ.

2020ರದ್ದು ಪಾವೆಲ್, ಲರ್ನರ್, ಹ್ಯಾನ್ಸನ್ ಮತ್ತು ಸಂಗಡಿಗರ ಕೆಲಸ. ಅದನ್ನು ಹಳೆಯ ಕೊಬ್ಬಿನ ವಾದದ ವಾಪಸಾತಿ ಎಂದು ಓದಿದರೆ ತಪ್ಪಾಗುತ್ತದೆ. ಇಡೀ ಪೊರೆ ಸಡಿಲವಾಗುತ್ತದೆ ಎಂದು ಅವರು ಹೇಳುತ್ತಿಲ್ಲ. ಪೊರೆಯಲ್ಲಿ ಕೊಲೆಸ್ಟರಾಲ್, ಜಿಎಂ1 ಲಿಪಿಡ್ ಗುಂಪುಗೂಡಿದ ದ್ವೀಪಗಳಿವೆ. ಪಿಎಲ್‌ಡಿ2 ಎಂಬ ಕಿಣ್ವ ಅಲ್ಲಿ ಕಟ್ಟಿಹಾಕಿದಂತೆ ಇರುತ್ತದೆ. ಕ್ಲೋರೋಫಾರ್ಮ್, ಐಸೋಫ್ಲುರೇನ್ ಆ ದ್ವೀಪಗಳನ್ನು ಕದಡಿದಾಗ ಕಿಣ್ವ ಬಿಡಿಸಿಕೊಂಡು ತನ್ನ ಕಚ್ಚಾವಸ್ತು ಇರುವ ಕಡೆಗೆ ಸರಿದು ಫಾಸ್ಫಟಿಡಿಕ್ ಆಮ್ಲ ತಯಾರಿಸುತ್ತದೆ. ಆ ಆಮ್ಲ ಟ್ರೆಕ್-1 ಚಾನಲನ್ನು ತೆರೆಯುತ್ತದೆ. ಪಿಎಲ್‌ಡಿ ಇಲ್ಲದ ಹಣ್ಣುನೊಣಗಳಿಗೆ ಅರಿವು ತಪ್ಪಿಸಲು ಹೆಚ್ಚು ಔಷಧ ಬೇಕಾಯಿತು. ಹಾಗಾದರೂ ಪೂರ್ತಿ ನಿರೋಧ ಬರಲಿಲ್ಲ, ಅಂದರೆ ಇದು ಹಲವು ದಾರಿಗಳಲ್ಲಿ ಒಂದು. ಇದರ ಪಕ್ಕದಲ್ಲಿ 2017ರ ಹೆರಾಲ್ಡ್, ಆಂಡರ್ಸನ್, ಹೆಮಿಂಗ್ಸ್ ಗುಂಪಿನ ಪ್ರಯೋಗ ಇಡಿ. ಗ್ರಾಮಿಸಿಡಿನ್ ಎಂಬ ಪುಟ್ಟ ಚಾನಲ್ ಲಿಪಿಡ್ ಪದರದ ದಪ್ಪ, ಬಿಗುವು ತುಸು ಬದಲಾದರೂ ವರ್ತನೆ ಬದಲಿಸುತ್ತದೆ. ಅದನ್ನೇ ಅಳತೆಗೋಲು ಮಾಡಿಕೊಂಡು ನಾನಾ ಬಗೆಯ ಅರಿವಳಿಕೆ ಔಷಧಗಳನ್ನು ಆಪರೇಷನ್ನಿನ ಸಾಂದ್ರತೆಯಲ್ಲಿ ಪರೀಕ್ಷಿಸಿದರು. ಬದಲಾವಣೆ ನಗಣ್ಯ. ಆದರೆ ಅವರ ಪದರದಲ್ಲಿ ದ್ವೀಪಗಳಿರಲಿಲ್ಲ, ಆದ್ದರಿಂದ ಎರಡೂ ಫಲಿತಾಂಶ ಒಟ್ಟಿಗೆ ಸತ್ಯವಾಗಿರಬಹುದು. ನನ್ನ ಅಭಿಪ್ರಾಯದಲ್ಲಿ ಪ್ರೊಪೊಫಾಲ್, ಎಟೊಮಿಡೇಟ್ ವಿಷಯದಲ್ಲಿ ಪೊಟರೆಯ ಉತ್ತರ ಹೆಚ್ಚುಕಡಿಮೆ ಮುಗಿದಿದೆ. ತೆರೆದೇ ಇರುವ ಪ್ರಶ್ನೆ ಅನಿಲಗಳದ್ದು.

ಪೊರೆಯ ಕೊಬ್ಬಿಗೆ ಇನ್ನೊಂದು ಪಾತ್ರವೂ ಇದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಪ್ರೊಪೊಫಾಲ್ ಪೊಟರೆಯ ಒಂದು ಮಗ್ಗುಲು ಲಿಪಿಡ್ ಕಡೆಗೇ ತೆರೆದಿದೆ. ನೀರಿನಲ್ಲಿ 0.4 ಮೈಕ್ರೋಮೋಲಾರ್ ಇದ್ದ ಔಷಧ ಪೊರೆಯೊಳಗೆ ಅದಕ್ಕಿಂತ ಸಾವಿರಾರು ಪಟ್ಟು ದಟ್ಟವಾಗುತ್ತದೆ. ಪೊಟರೆಗೆ ಔಷಧ ಎದುರಾಗುವುದು ಆ ದಟ್ಟಣೆಯಲ್ಲಿ.

ಪ್ಯಾಚ್‌ಕ್ಲ್ಯಾಂಪ್:

ಗ್ರಾಫ್ ಹಾಕುವಾಗ ಒಂದು ಮಾತು. ಎರಡೂ ಅಕ್ಷಗಳನ್ನು ಲಾಗ್‌ನಲ್ಲಿ ಇಡಿ, ಇಲ್ಲದಿದ್ದರೆ ಮೆಥಾಕ್ಸಿಫ್ಲುರೇನ್ ಒಂದು ಮೂಲೆಗೆ, ಉಳಿದೆಲ್ಲ ಇನ್ನೊಂದು ಮೂಲೆಗೆ ಒತ್ತಿಕೊಳ್ಳುತ್ತವೆ. ಅನಿಲಗಳನ್ನು ಮಾತ್ರ ಗುರುತಿಸಿ. ಪ್ರೊಪೊಫಾಲ್, ಕೆಟಮಿನ್‌ಗಳಿಗೆ ಮ್ಯಾಕ್ ಇಲ್ಲ, ಅವನ್ನು ಅದೇ ಗೆರೆಯಲ್ಲಿ ತುರುಕಬೇಡಿ. ಎಫ್6ಗೆ ಗೆರೆ ಸೂಚಿಸುವ ಜಾಗದಲ್ಲಿ ಖಾಲಿ ವೃತ್ತ ಹಾಕಿ, ಪಕ್ಕದಲ್ಲಿ "ನೆನಪು ಕೆಡುತ್ತದೆ, ಪ್ರಾಣಿ ಅಲುಗಾಡುತ್ತದೆ" ಎಂದು ಬರೆಯಿರಿ. ಮುಂದಿನ ಸ್ಲೈಡಿಗೆ ಬೀಟಾ-ಆಲ್ಫಾ ಸಂದಿಯ ಚಿತ್ರ, 265ನೇ ಸ್ಥಾನಕ್ಕೆ ಬೇರೆ ಬಣ್ಣ.